ಸಾಲಿಟಾನ್ ಎಂಬ ಒಂಟಿ ಅಲೆ

ಕೆರೆಗೆ ಕಲ್ಲೆಸೆದವರಿಗೆಲ್ಲ ಅಲೆಯ ಪಾಡು ಗೊತ್ತು. ಉಂಗುರವಾಗಿ ಹರಡುತ್ತದೆ, ಹರಡಿದಷ್ಟೂ ತಗ್ಗುತ್ತದೆ, ಕಡೆಗೆ ಇಲ್ಲವಾಗುತ್ತದೆ. ಹೀಗೆ ಹರಡದೆ, ಆಕಾರಗೆಡದೆ ಬಹುದೂರ ಸಾಗುವ ಅಲೆಯೂ ಉಂಟು. ಭೌತವಿಜ್ಞಾನಿಗಳು ಅದನ್ನು 'ಸಾಲಿಟಾನ್' ಎನ್ನುತ್ತಾರೆ. ನಾನು ಇತಿಹಾಸದ ವಿದ್ಯಾರ್ಥಿ. ಗಣಿತದಲ್ಲಿ ನನ್ನ ಗತಿ ಅಷ್ಟಕ್ಕಷ್ಟೆ. ಆದರೂ ಈ ಅಲೆಗೊಂದು ಚರಿತ್ರೆಯಿರುವುದರಿಂದ ವಿಜ್ಞಾನದ ಅಂಗಳದಲ್ಲಿ ಕಾಲಿಡುವ ಧೈರ್ಯ ಮಾಡಿದ್ದೇನೆ.

1834ರ ಆಗಸ್ಟ್ ತಿಂಗಳು. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಬಳಿ, ಯೂನಿಯನ್ ಕಾಲುವೆಯಲ್ಲಿ ಎರಡು ಕುದುರೆಗಳು ದೋಣಿಯೊಂದನ್ನು ಎಳೆಯುತ್ತಿದ್ದವು. ಜಾನ್ ಸ್ಕಾಟ್ ರಸೆಲ್ ಎಂಬ 26 ವರ್ಷದ ಎಂಜಿನಿಯರನು ಅದರ ಓಟವನ್ನು ಗಮನಿಸುತ್ತಿದ್ದನು. ದೋಣಿ ಫಕ್ಕನೆ ನಿಂತಿತು. ಅದರೊಡನೆ ಚಲಿಸುತ್ತಿದ್ದ ನೀರು ಮಾತ್ರ ನಿಲ್ಲಲಿಲ್ಲ. ದೋಣಿಯ ಮುಂಭಾಗದಲ್ಲಿ ಕಲಕಿ, ನುಣುಪಾದ ಒಂದೇ ದಿಬ್ಬವಾಗಿ ಮುಂದಕ್ಕೆ ಹೊರಟಿತು. ರಸೆಲ್ ಕುದುರೆಯೇರಿ ಅದನ್ನು ಬೆನ್ನಟ್ಟಿದನು. ಉದ್ದ ಸುಮಾರು 30 ಅಡಿ, ಎತ್ತರ ಒಂದರಿಂದ ಒಂದೂವರೆ ಅಡಿ, ವೇಗ ಗಂಟೆಗೆ ಎಂಟೊಂಬತ್ತು ಮೈಲಿ. ಎತ್ತರ ಮೆಲ್ಲಮೆಲ್ಲನೆ ತಗ್ಗಿತಾದರೂ ರೂಪ ಕೆಡಲಿಲ್ಲ. ಒಂದೆರಡು ಮೈಲಿಯಾದ ಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಕಣ್ಮರೆಯಾಯಿತು.

ಆಮೇಲೆ ಅವನು ತೊಟ್ಟಿಯಲ್ಲಿ ಅಂಥ ಅಲೆಗಳನ್ನು ಎಬ್ಬಿಸಿ ಅಳೆದನು. ಎತ್ತರವಾದ ಅಲೆ ಹೆಚ್ಚು ವೇಗವಾಗಿ ಓಡುತ್ತದೆಂದು ಕಂಡುಕೊಂಡು, 1844ರಲ್ಲಿ ವರದಿ ಪ್ರಕಟಿಸಿದನು. ಏರಿ, ಸ್ಟೋಕ್ಸ್ ಮೊದಲಾದ ಘನ ಗಣಿತಜ್ಞರು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಅಚ್ಚಾದುದೆಲ್ಲ ನಿಜವೆಂದು ನಂಬುವುದು ನನ್ನಂಥವರಿಗೆ ಸುಲಭ. ಆದುದರಿಂದಲೇ ಈ ಪ್ರಶ್ನೆ ನನ್ನನ್ನು ಕಾಡಿತು: ಕಣ್ಣು ಒಂದು ಹೇಳಿ, ಸಮೀಕರಣ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು?

ಉತ್ತರ ಅಲೆಯ ಒಳಗೇ ಇದೆ. ಒಂದು ಅಲೆಯೆಂದರೆ ಉದ್ದ ಗಿಡ್ಡ ಅನೇಕ ಅಲೆಗಳ ಕೂಟ. ಉದ್ದನೆಯವು ಮುಂದೋಡುತ್ತವೆ, ಗಿಡ್ಡವು ಹಿಂದುಳಿಯುತ್ತವೆ, ಕೂಟ ಚದರುತ್ತದೆ. ಆಳ ಕಡಿಮೆಯಿರುವ ನೀರಿನಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಗುಣವೂ ಇದೆ. ಅಲೆಯ ನೆತ್ತಿ ಅದರ ಬುಡಕ್ಕಿಂತ ಬೇಗ ಓಡುವುದರಿಂದ ಮುಂಭಾಗ ಕಡಿದಾಗುತ್ತಾ ಹೋಗುತ್ತದೆ, ಕಡೆಗೆ ಕಡಲತೀರದ ತೆರೆಯಂತೆ ಮಗುಚಬಹುದು. ಬಿಡಿಯಾಗಿ ಎರಡೂ ಅಲೆಗೆ ಮೃತ್ಯುವೇ. ಆದರೆ ತಕ್ಕ ಎತ್ತರ, ತಕ್ಕ ಅಗಲ ಕೂಡಿಬಂದಾಗ ಒಂದು ಚದರಿಸಿದಷ್ಟನ್ನು ಇನ್ನೊಂದು ಒತ್ತಿ ಕೂಡಿಸುತ್ತದೆ, ಅಲೆ ಬದುಕುತ್ತದೆ. ಏರಿಯ ಲೆಕ್ಕದಲ್ಲಿ ಎರಡನೆಯದು ಮಾತ್ರ ಇತ್ತು. ಲೆಕ್ಕ ತಪ್ಪಲ್ಲ, ಅಪೂರ್ಣ.

ಫ್ರಾನ್ಸಿನ ಬೂಸಿನೆಸ್ಕ್ 1871ರಲ್ಲಿಯೂ ಇಂಗ್ಲೆಂಡಿನ ರೇಲೀ 1876ರಲ್ಲಿಯೂ ರಸೆಲನ ಪಕ್ಷ ಹಿಡಿದರು. ಅವನು 1882ರವರೆಗೆ ಬದುಕಿದ್ದನೆಂಬುದು ನನಗೆ ಸಮಾಧಾನದ ಸಂಗತಿ. 1895ರಲ್ಲಿ ಡಚ್ ಗುರುಶಿಷ್ಯರಾದ ಕಾರ್ಟೆವೆಗ್ ಮತ್ತು ಡ ವ್ರೀಸ್ ಈ ಅಲೆಯ ಪ್ರಸಿದ್ಧ ಸಮೀಕರಣವನ್ನು ಬರೆದರು.

ಅನಂತರ ಬಹುಕಾಲ ಹೆಚ್ಚಿನವರು ಇತ್ತ ನೋಡಲಿಲ್ಲ. 1955ರ ವರದಿಯೊಂದರಲ್ಲಿ ಫರ್ಮಿ, ಪಾಸ್ತಾ, ಉಲಾಮ್ ಎಂಬವರು ಅಮೆರಿಕದ ಲಾಸ್ ಅಲಮಾಸ್‌ನಲ್ಲಿ ಮಾಡಿದ ಗಣಕಯಂತ್ರದ ಲೆಕ್ಕವನ್ನು ತಿಳಿಸಿದರು. (ಯಂತ್ರಕ್ಕೆ ಲೆಕ್ಕ ಹೂಡಿದ ಮೇರಿ ಸಿಂಗೂ ಎಂಬಾಕೆಯ ಹೆಸರು ಲೇಖಕರ ಸಾಲಿನಲ್ಲಿ ಸೇರಲಿಲ್ಲ.) ಸ್ಪ್ರಿಂಗುಗಳಿಂದ ಪೋಣಿಸಿದ ಕಣಗಳ ಸಾಲನ್ನು ಅಲುಗಿಸಿದರೆ ಶಕ್ತಿ ಎಲ್ಲ ಬಗೆಯ ಕಂಪನಗಳಿಗೂ ಹಂಚಿಹೋಗಬೇಕೆಂದು ಅವರ ನಿರೀಕ್ಷೆ. ಅದು ಹಂಚಿಹೋಗದೆ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೇ ಮರಳಿತು! 1965ರಲ್ಲಿ ಜಬುಸ್ಕಿ ಮತ್ತು ಕ್ರುಸ್ಕಲ್ ಈ ಒಗಟಿನ ಬೆನ್ನುಹತ್ತಿ, ಹಳೆಯ ಡಚ್ ಸಮೀಕರಣಕ್ಕೇ ಬಂದು ಮುಟ್ಟಿದರು. ಅದರಲ್ಲಿ ಹಿರಿಯ ಅಲೆಯೊಂದು ಕಿರಿಯದನ್ನು ಹಿಂದಿನಿಂದ ಬಂದು ಸೇರುತ್ತದೆ. ಕ್ಷಣಕಾಲ ಎರಡೂ ಬೆರೆಯುತ್ತವೆ. ಮತ್ತೆ ತಮ್ಮ ತಮ್ಮ ಎತ್ತರ, ವೇಗಗಳೊಡನೆ ಬೇರೆಯಾಗುತ್ತವೆ. ಇದ್ದ ಜಾಗ ತುಸು ಪಲ್ಲಟವಾಗಿರುತ್ತದೆ, ಅಷ್ಟೆ. ಕಣಗಳಂತೆ ನಡೆದುಕೊಳ್ಳುವ ಈ ಅಲೆಗೆ ಅವರು ಎಲೆಕ್ಟ್ರಾನ್, ಪ್ರೋಟಾನ್‌ಗಳ ಧಾಟಿಯಲ್ಲಿ ಸಾಲಿಟಾನ್ ಎಂದು ಹೆಸರಿಟ್ಟರು.

ಇದು ನೀರಿಗೇ ಮೀಸಲಾದ ಧರ್ಮವಲ್ಲ. ಗಾಜಿನ ಎಳೆಯಲ್ಲಿ ಬೆಳಕಿನ ಮಿಣುಕೂ ಸಾಗುತ್ತಾ ಚದರುತ್ತದೆ. ಬೆಳಕು ಪ್ರಬಲವಾದಾಗ ಗಾಜಿನ ಗುಣವೇ ಬದಲಾಗಿ ಅದನ್ನು ಕೂಡಿಸಿಡಬಲ್ಲದು. ಹೀಗೆಂದು 1973ರಲ್ಲಿ ಹಸೆಗಾವಾ ಮತ್ತು ಟ್ಯಾಪರ್ಟ್ ಮುಂದಾಗಿ ಹೇಳಿದರು. 1980ರಲ್ಲಿ ಮೊಲೆನಾರ್ ಮತ್ತು ಸಂಗಡಿಗರು ಪ್ರಯೋಗದಲ್ಲಿ ಕಂಡರು. ನಮ್ಮ ದೂರವಾಣಿಯ ಮಾತೆಲ್ಲ ಸಾಲಿಟಾನ್ ಏರಿ ಬರುತ್ತದೆಂದು ಭಾವಿಸಬಾರದು. ಅಲ್ಲಿ ಹೆಚ್ಚಾಗಿ ಬೇರೆ ಉಪಾಯಗಳೇ ಬಳಕೆಯಲ್ಲಿವೆ. ಆದರೆ ಅತಿ ಕಿರುಗಾಲದ ಮಿಣುಕುಗಳನ್ನು ಹೊಮ್ಮಿಸುವ ಕೆಲವು ಲೇಸರುಗಳು ನಡೆಯುವುದು ಈ ಸಮತೋಲದಿಂದಲೇ.