ಹಾಲಿನ ಚೀಟಿಯಲ್ಲಿ ಎರಡು ಕಡೆ 'ಎಫ್'



ದಾವಣಗೆರೆ, ಹರಿಹರ ಸುತ್ತಿನ ಸಂಘಗಳಲ್ಲಿ ಹಾಲು ಹಾಕುವ ನಿಮಗೆ 'ಫ್ಯಾಟ್', 'ಎಸ್.ಎನ್.ಎಫ್.' ಎಂಬ ಕಿರು ಇಂಗ್ಲಿಷ್ ಪದಗಳು ಹೊಸತಲ್ಲ. ಎರಡರಲ್ಲೂ 'ಎಫ್' ಅಕ್ಷರವಿದೆ. ಎರಡು ಕಡೆಯೂ ಅದು ಜಿಡ್ಡನ್ನೇ ಸೂಚಿಸುತ್ತದೆ. ಆದರೆ ಎರಡನೆಯದರಲ್ಲಿ 'ಎಸ್' ಎಂದರೆ ಘನಾಂಶ, 'ಎನ್' ಎಂದರೆ 'ಅಲ್ಲದ'. ಒಟ್ಟು ಅರ್ಥ ಜಿಡ್ಡಲ್ಲದ ಘನಾಂಶ: ಪ್ರೋಟೀನು, ಹಾಲಿನ ಸಕ್ಕರೆ, ಲವಣಗಳು.

ಫ್ಯಾಟ್ 3.5, ಎಸ್.ಎನ್.ಎಫ್. 8.5 ಇದ್ದರೆ 100 ಕಿಲೋ ಹಾಲಿನಲ್ಲಿ ಘನಾಂಶ 12 ಕಿಲೋ, ಉಳಿದ 88 ಕಿಲೋ ನೀರು. ಕೆನೆ ತೆಗೆದರೆ ಫ್ಯಾಟ್ ಇಳಿಯುತ್ತದೆ. ನೀರು ಬೆರೆತರೆ ಎರಡೂ ಇಳಿಯುತ್ತವೆ.

ನಿಮ್ಮ ಹಾಲಿನ ದರ ನಿಂತಿರುವುದು ಈ ಅಂಕಿಗಳ ಮೇಲೆ. ಚೀಟಿಯನ್ನು ಓದದೆ ಜೇಬಿಗೆ ಹಾಕಬೇಡಿ. ಅಂಕಿ ದಿಢೀರನೆ ಇಳಿದಿದ್ದರೆ ಮೇವು, ಹಸುವಿನ ಆರೋಗ್ಯ ನೋಡಿ. ಅನುಮಾನವಿದ್ದರೆ ಅಲ್ಲೇ ವಿಚಾರಿಸಿ.