ಬಿತ್ತದೆ ಬೆಳೆದ ಬಳ್ಳಿ

ಅಡಿಗೆಮನೆಯ ಕಸ ಸುರಿದ ಹಿತ್ತಲಿನಲ್ಲಿ ಟೊಮೇಟೊ, ಸೋರೆ ಮೊದಲಾದುವು ಬಿತ್ತದೆಯೇ ಮೊಳೆಯುವುದುಂಟು. ಇವನ್ನು ಉಳಿಸಬಹುದೆ?

ಟೊಮೇಟೊ ಹೂವಿನಲ್ಲಿ ಸಾಮಾನ್ಯವಾಗಿ ಸ್ವಕೀಯ ಪರಾಗಸ್ಪರ್ಶವೇ ನಡೆಯುತ್ತದೆ. ತಾಯಿಗಿಡ ಸಂಕರತಳಿಯಲ್ಲದಿದ್ದರೆ ಸಸಿಯೂ ಅದರಂತೆಯೇ ಇರುವುದು. ಸೋರೆಯ ವಿಷಯ ಬೇರೆ. ಅದರ ಗಂಡುಹೂ, ಹೆಣ್ಣುಹೂಗಳು ಪ್ರತ್ಯೇಕ. ಕೀಟವು ಕಹಿಸೋರೆಯ ಪರಾಗವನ್ನೂ ತಂದಿರಬಹುದು. ಆ ಸಂಕರದ ಪರಿಣಾಮವು ಅದೇ ಕಾಯಿಯ ತಿರುಳಿನಲ್ಲಿ ಕಾಣದು. ಅದರ ಬೀಜದಿಂದ ಹುಟ್ಟಿದ ಬಳ್ಳಿಯ ಕಾಯಿ ಕಹಿಯಾಗಬಹುದು.

ಈ ಕಹಿಗೆ ಕಾರಣ ಕುಕರ್ಬಿಟಾಸಿನ್ ಎಂಬ ವಿಷ. ಬೇಯಿಸಿದರೂ ಅದು ನಾಶವಾಗದು. ವಾಂತಿ, ಭೇದಿ, ರಕ್ತಸ್ರಾವಗಳನ್ನು ತರಬಲ್ಲದು. ಕಹಿಸೋರೆಯ ರಸವನ್ನು ಕುಡಿಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞಸಮಿತಿಯೂ 2012ರ ವರದಿಯಲ್ಲಿ ಎಚ್ಚರಿಸಿದೆ. ಆದುದರಿಂದ ಇಂಥ ಬಳ್ಳಿಯ ಪ್ರತಿಯೊಂದು ಕಾಯಿಯ ಚೂರನ್ನೂ ಅಡಿಗೆಗೆ ಮೊದಲು ನಾಲಗೆಗೆ ಮುಟ್ಟಿಸಿ ನೋಡಬೇಕು. ಕಹಿಯೆನಿಸಿದೊಡನೆ ಉಗುಳಿ, ಬಳ್ಳಿಯನ್ನೇ ಕಿತ್ತುಹಾಕಬೇಕು.