ಬೇಳೆ ಗಿರಣಿ ಹಾಕುವ ಮೊದಲು ಒಕ್ಕಲಿಗರು ಮಾಡಬೇಕಾದ ಲೆಕ್ಕ

ರಾಯಚೂರು ಜಿಲ್ಲೆಯ ಲಿಂಗಸುಗೂರು ಮತ್ತು ಮಸ್ಕಿ ಭಾಗದ ಖುಷ್ಕಿ ಜಮೀನುಗಳಲ್ಲಿ ತೊಗರಿಯು ಒಂದು ಮುಖ್ಯ ಬೆಳೆ. ಸಿಂಧನೂರು ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತಾರೆ. ಆದರೆ ಕಾಲುವೆಯನ್ನು ನಂಬಿದವರ ಆದಾಯವೂ ಸ್ಥಿರವಲ್ಲ. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಇದು ಎಲ್ಲರ ಅನುಭವಕ್ಕೂ ಬಂದಿತು. ಆದುದರಿಂದ ಬೇಸಾಯದ ಜೊತೆಗೆ ಒಂದು ಸಣ್ಣ ಉದ್ಯೋಗವನ್ನು ಕೈಗೊಳ್ಳಬೇಕೆಂಬ ಆಸೆ ರೈತರಲ್ಲಿ, ಅದರಲ್ಲಿಯೂ ಓದಿದ ಯುವಕರಲ್ಲಿ, ಹುಟ್ಟುವುದು ಸಹಜ. ತೊಗರಿಯನ್ನು ಕಾಳಾಗಿ ಮಾರುವ ಬದಲು ಬೇಳೆ ಮಾಡಿ ಮಾರುವುದು ಇಂತಹ ಒಂದು ಉದ್ಯೋಗ.

ಯಂತ್ರ ಕೊಂಡವರೆಲ್ಲರೂ ಲಾಭ ಗಳಿಸುವುದಿಲ್ಲ. ಲೆಕ್ಕ ತಪ್ಪಿದರೆ ಹೊಲವೇ ಸಾಲಕ್ಕೆ ಹೋಗಬಹುದು. ಗಿರಣಿ ಹಾಕುವ ಮೊದಲು ಈ ಕೆಳಗಿನ ಅಂಶಗಳನ್ನು ವಿಚಾರ ಮಾಡುವುದು ಅವಶ್ಯ.

1. ಮೊದಲು ಗಿರಾಕಿ, ನಂತರ ಯಂತ್ರ

ಬೇಳೆಯನ್ನು ಯಾರು ಕೊಳ್ಳುತ್ತಾರೆ ಎಂಬುದು ಮೊದಲ ಪ್ರಶ್ನೆ. ಒಂದೆರಡು ಚೀಲ ತೊಗರಿಯನ್ನು ಬೇರೆಯವರ ಗಿರಣಿಯಲ್ಲಿ ಬೇಳೆ ಮಾಡಿಸಿ, ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ಕಿರಾಣಿ ಅಂಗಡಿ, ಖಾನಾವಳಿ ಹಾಗೂ ಸಂತೆಗಳಲ್ಲಿ ಮಾರಿ ನೋಡಿರಿ. ಯಾವ ದರ ಸಿಗುತ್ತದೆ, ಎಷ್ಟು ಜನ ಎರಡನೆಯ ಸಲ ಕೇಳುತ್ತಾರೆ, ಎಷ್ಟು ಜನ ಉದ್ರಿ ಕೇಳುತ್ತಾರೆ ಎಂಬುದನ್ನು ಬರೆದಿಡಿರಿ. ಎರಡು ಮೂರು ತಿಂಗಳ ಈ ಪರೀಕ್ಷೆಗೆ ತಗಲುವ ಖರ್ಚು ಅಲ್ಪ. ಇದರಿಂದ ದೊಡ್ಡ ನಷ್ಟ ತಪ್ಪುತ್ತದೆ.

2. ಒಂದು ಕ್ವಿಂಟಲಿನ ಲೆಕ್ಕ

ಕೆಳಗಿನ ಅಂಕಿಗಳನ್ನು ಕೇವಲ ಉದಾಹರಣೆಗಾಗಿ ಹಿಡಿಯಲಾಗಿದೆ. ನಿಮ್ಮ ಊರಿನ ದರ ಹಾಕಿ ಪುನಃ ಲೆಕ್ಕ ಮಾಡಿರಿ.

ಒಂದು ಕ್ವಿಂಟಲ್ ತೊಗರಿಗೆ 8,000 ರೂ. ಕೂಲಿ, ವಿದ್ಯುತ್, ಎಣ್ಣೆ, ಚೀಲ ಮತ್ತು ಸಾಗಣೆಗೆ 600 ರೂ. ಒಟ್ಟು ಖರ್ಚು 8,600 ರೂ. ಇದರಿಂದ 72 ಕಿಲೋ ಬೇಳೆ ಬಂದು, ಕಿಲೋಗೆ 120 ರೂ.ನಂತೆ ಮಾರಿದರೆ 8,640 ರೂ. ನುಚ್ಚು ಮತ್ತು ಹೊಟ್ಟು 24 ಕಿಲೋ, ಕಿಲೋಗೆ 20 ರೂ.ನಂತೆ 480 ರೂ. ಒಟ್ಟು ಉತ್ಪನ್ನ 9,120 ರೂ. ಉಳಿಯುವುದು 520 ರೂ.

ಅದೇ ಕಾಳಿನಿಂದ 72ರ ಬದಲು 68 ಕಿಲೋ ಬೇಳೆ ಬಂದು, ಉಳಿದ 4 ಕಿಲೋ ನುಚ್ಚಾದರೆ ಉಳಿಯುವುದು ಕೇವಲ 120 ರೂ. ಸಾಲದ ಕಂತು, ಬಾಡಿಗೆ ಮುಂತಾದ ತಿಂಗಳ ಖಾಯಂ ಖರ್ಚು 15,600 ರೂ. ಇದ್ದಲ್ಲಿ, ಮೊದಲನೆಯವನು ತಿಂಗಳಿಗೆ 30 ಕ್ವಿಂಟಲ್ ಬೇಳೆ ಮಾಡಿದರೆ ಖರ್ಚು ಹುಟ್ಟುತ್ತದೆ. ಎರಡನೆಯವನು 130 ಕ್ವಿಂಟಲ್ ಮಾಡಬೇಕಾಗುತ್ತದೆ. ನಾಲ್ಕು ಕಿಲೋ ನುಚ್ಚು ಗಿರಣಿಯನ್ನೇ ಮುಳುಗಿಸಬಲ್ಲದು.

3. ಕೆಲಸದ ತಿಳುವಳಿಕೆ

ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಗಟ್ಟಿಯಾಗಿ ಹತ್ತಿಕೊಂಡಿರುತ್ತದೆ. ಅದನ್ನು ಸಡಿಲಿಸದೆ ಯಂತ್ರಕ್ಕೆ ಹಾಕಿದರೆ ಬೇಳೆ ಒಡೆದು ನುಚ್ಚಾಗುತ್ತದೆ. ಕಾಳನ್ನು ಸ್ವಚ್ಛ ಮಾಡಿ, ಗಾತ್ರಕ್ಕನುಸಾರವಾಗಿ ಬೇರ್ಪಡಿಸಿ, ಒಮ್ಮೆ ಉರುಳೆಯಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಬೀಳುವಂತೆ ಮಾಡಬೇಕು. ನಂತರ ಕ್ವಿಂಟಲಿಗೆ 200ರಿಂದ 500 ಗ್ರಾಂ ಅಡುಗೆ ಎಣ್ಣೆ ಸವರಿ ರಾತ್ರಿಯಿಡೀ ರಾಶಿ ಹಾಕಬೇಕು. ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ, ಸ್ವಲ್ಪ ನೀರು ಚಿಮುಕಿಸಿ, ಮತ್ತೆ ಒಂದು ರಾತ್ರಿ ರಾಶಿ ಹಾಕಿ, ಆಮೇಲೆ ಸಿಪ್ಪೆ ತೆಗೆಯಬೇಕು. ಇದಕ್ಕೆ ಕಣದಂತಹ ವಿಶಾಲ ಜಾಗ ಮತ್ತು ಒಳ್ಳೆಯ ಬಿಸಿಲು ಬೇಕು. ಮಳೆಗಾಲದಲ್ಲಿ ಕೆಲಸ ನಿಧಾನವಾಗುವುದನ್ನು ಮೊದಲೇ ಲೆಕ್ಕದಲ್ಲಿ ಹಿಡಿಯಿರಿ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಹಳ್ಳಿಗಳಿಗೆ ಹೊಂದುವ ಕಿರು ಬೇಳೆ ಗಿರಣಿಯನ್ನು ರೂಪಿಸಿದೆ. ರಾಯಚೂರಿನ ಕೃಷಿ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಸಂಸ್ಕರಣೆಗೆ ಪ್ರತ್ಯೇಕ ವಿಭಾಗವಿದೆ. ಯಂತ್ರ ಕೊಳ್ಳುವ ಮೊದಲು ನಿಮ್ಮದೇ ಹೊಲದ ತೊಗರಿಯನ್ನು ಒಯ್ದು, ನಡೆಯುತ್ತಿರುವ ಯಂತ್ರದಲ್ಲಿ ಹಾಕಿಸಿ, ಬಂದ ಬೇಳೆಯನ್ನು ಎದುರಿಗೆ ತೂಕ ಮಾಡಿಸಿ ನೋಡಿರಿ.

4. ದುಡಿಯುವ ಬಂಡವಾಳ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸಾಲ ತಂದ ಹಣವನ್ನೆಲ್ಲ ಕಟ್ಟಡಕ್ಕೆ ಮತ್ತು ಯಂತ್ರಕ್ಕೆ ಹಾಕಿ, ಕಾಳು ಕೊಳ್ಳಲು ಕೈಯಲ್ಲಿ ರೊಕ್ಕವಿಲ್ಲದೆ ಕೂಡುತ್ತಾರೆ. ತೊಗರಿ ರಾಶಿಯಾಗುವುದು ಮುಖ್ಯವಾಗಿ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ. ಗಿರಣಿ ಮಾತ್ರ ವರ್ಷವಿಡೀ ನಡೆಯಬೇಕು. ತಿಂಗಳಿಗೆ 30 ಕ್ವಿಂಟಲಿನಂತೆ ವರ್ಷಕ್ಕೆ 360 ಕ್ವಿಂಟಲ್ ಕಾಳನ್ನು ಸುಗ್ಗಿಯಲ್ಲಿಯೇ ಕೊಳ್ಳಬೇಕಾದರೆ, ಮೇಲಿನ ದರದಂತೆ 28 ಲಕ್ಷ 80 ಸಾವಿರ ರೂ. ಬೇಕು. ಅಷ್ಟು ಕಾಳು ಕೂಡಿಟ್ಟ ಮೇಲೆ ದರ ಕುಸಿದರೆ ಇಡೀ ನಷ್ಟ ಗಿರಣಿಯವನದೇ.

ಆದುದರಿಂದ ಹೊಸಬರು ಮೊದಲ ವರ್ಷ ಕಾಳು ಕೊಳ್ಳದೆ, ಅಕ್ಕಪಕ್ಕದ ರೈತರ ತೊಗರಿಯನ್ನು ಕೂಲಿಗೆ ಬೇಳೆ ಮಾಡಿಕೊಡುವುದು ಲೇಸು. ಖರ್ಚು ಕಳೆದು ಕ್ವಿಂಟಲಿಗೆ 250 ರೂ. ಉಳಿದರೆ, ತಿಂಗಳಿಗೆ 63 ಕ್ವಿಂಟಲಿಗೆ ಖಾಯಂ ಖರ್ಚು ಹುಟ್ಟುತ್ತದೆ. ಕೆಲಸ ಹೆಚ್ಚು, ಆದರೆ ದರದ ಅಪಾಯವಿಲ್ಲ. ಇದರಿಂದ ಕೈ ಪಳಗುತ್ತದೆ, ಗಿರಾಕಿಗಳ ನಂಬಿಗೆಯೂ ಬೆಳೆಯುತ್ತದೆ. ಅಷ್ಟು ಕಾಳು ನಿಮ್ಮ ಸುತ್ತಿನ ಊರುಗಳಿಂದ ಬರುವಂತಿಲ್ಲವಾದರೆ, ಒಬ್ಬರೇ ಗಿರಣಿ ಹಾಕುವ ಬದಲು ನಾಲ್ಕಾರು ಜನ ಕೂಡಿ ಅಥವಾ ರೈತ ಉತ್ಪಾದಕರ ಸಂಸ್ಥೆಯ ಮೂಲಕ ಹಾಕುವುದು ಉತ್ತಮ.

5. ಕಿರ್ದಿ ಮತ್ತು ಉದ್ರಿ

ಮನೆಯ ಖರ್ಚು, ಹೊಲದ ಖರ್ಚು, ಗಿರಣಿಯ ಖರ್ಚು ಇವು ಮೂರನ್ನೂ ಬೇರೆ ಬೇರೆ ಬರೆಯಬೇಕು. ಗಿರಣಿಯ ಗಲ್ಲಾದಿಂದ ಬೀಜ, ಗೊಬ್ಬರ ಕೊಂಡರೆ ಅದನ್ನೂ ಬರೆಯಿರಿ. ಪ್ರತಿದಿನ ಸಂಜೆ ಕಿರ್ದಿ ಬರೆದು, ಹಾಕಿದ ಕಾಳು, ಬಂದ ಬೇಳೆ, ನುಚ್ಚು, ಹೊಟ್ಟು ಇವುಗಳ ತೂಕವನ್ನೂ ದಾಖಲಿಸಬೇಕು. ನೆಂಟರಿಗಾಗಲಿ, ಅಂಗಡಿಯವರಿಗಾಗಲಿ ಉದ್ರಿಗೆ ಒಂದು ಮಿತಿ ಇರಲಿ. ಕ್ವಿಂಟಲಿಗೆ 520 ರೂ. ಉಳಿಯುವ ಕಡೆ, ಒಂದು ಕ್ವಿಂಟಲಿನ ಬೇಳೆಯ ಹಣ 8,640 ರೂ. ಮುಳುಗಿದರೆ, ಅದನ್ನು ತುಂಬಲು ಇನ್ನೂ 17 ಕ್ವಿಂಟಲ್ ಬೇಳೆ ಮಾಡಿ ಮಾರಬೇಕಾಗುತ್ತದೆ.

6. ತರಬೇತಿ ಮತ್ತು ಸಾಲ

1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ದಾರಿ ತೋರಿಸಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಉಚಿತ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಇಲ್ಲಿ ಕಸುಬಿನ ಜೊತೆಗೆ ಲೆಕ್ಕ ಮತ್ತು ಮಾರಾಟವನ್ನೂ ಕಲಿಸುತ್ತಾರೆ. ಸಹಾಯಧನದ ನಿಯಮಗಳು ಬದಲಾಗುತ್ತಿರುತ್ತವೆಯಾದುದರಿಂದ ಕೃಷಿ ಇಲಾಖೆ ಮತ್ತು ಬ್ಯಾಂಕಿನಲ್ಲಿ ವಿಚಾರಿಸಿ ಮುಂದುವರಿಯಬೇಕು. ಸಹಾಯಧನ ಬರುತ್ತದೆಂಬ ಒಂದೇ ಕಾರಣಕ್ಕೆ ದೊಡ್ಡ ಯಂತ್ರ ಕೊಳ್ಳಬಾರದು. ಸಹಾಯಧನವಿಲ್ಲದಿದ್ದರೂ ನಡೆಯಬಲ್ಲ ಗಿರಣಿಗೆ ಮಾತ್ರ ಕೈ ಹಾಕಿರಿ. ಬೇಳೆ ಆಹಾರ ಪದಾರ್ಥವಾದುದರಿಂದ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಅಥವಾ ಪರವಾನಿಗೆಯನ್ನೂ ಪಡೆಯಬೇಕು.

ಗಿರಾಕಿ ಇದ್ದಾರೆಯೇ? ಕ್ವಿಂಟಲಿಗೆ ಎಷ್ಟು ಬೇಳೆ ಬರುತ್ತದೆ? ಗಿರಣಿ ನಡೆಸಲು ಸಾಕಷ್ಟು ಕಾಳು ವರ್ಷವಿಡೀ ಸಿಗುತ್ತದೆಯೇ? ಯಂತ್ರ ಕೊಂಡ ಮೇಲೆ ಕೈಯಲ್ಲಿ ಹಣ ಉಳಿಯುತ್ತದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯಬಲ್ಲ ರೈತರು ಧೈರ್ಯದಿಂದ ಗಿರಣಿ ಹಾಕಬಹುದು. ಉತ್ತರ ಸಿಗದವರು ಇನ್ನೊಂದು ಸುಗ್ಗಿಯವರೆಗೆ ಕಾಯುವುದರಿಂದ ಯಾವ ಹಾನಿಯೂ ಇಲ್ಲ.